ಒಳ್ಳೇ ಮನಸ್ಸಿನಿಂದ ಹಾಡಿದ ಹಾಡಿಗೂ ಲೆಕ್ಕ ಕೊಡಬೇಕಾ?

ಪ್ರಿಯ ಯೌವನಸ್ಥರೇ, ಇವತ್ತು ಒಂದು ಹಾಡಿನಿಂದ ಶುರು ಮಾಡ್ತೀನಿ. ಡಿಸೆಂಬರ್‌ನಲ್ಲಿ ಎಲ್ಲಾದ್ರೂ ಕೇಳಿರ್ತೀರಿ: ‘ಡು ದೇ ನೋ ಇಟ್ಸ್ ಕ್ರಿಸ್ಮಸ್?’

1984. ಇಥಿಯೋಪಿಯಾದಲ್ಲಿ ಭೀಕರ ಬರಗಾಲ, ಜೊತೆಗೆ ಅಂತರ್ಯುದ್ಧ. ಬಿಬಿಸಿಯಲ್ಲಿ ಆ ದೃಶ್ಯ ನೋಡಿ ಬಾಬ್ ಗೆಲ್ಡಾಫ್ ಎಂಬ ಗಾಯಕರ ಮನಸ್ಸು ಕರಗಿತು. ಮಿಜ್ ಯೂರ್ ಜೊತೆ ಸೇರಿ ಈ ಹಾಡು ಬರೆದರು. ನವೆಂಬರ್ 25ರಂದು ಹೆಸರಾಂತ ಗಾಯಕರೆಲ್ಲ ಲಂಡನ್ನಿನಲ್ಲಿ ಕೂಡಿ, ‘ಬ್ಯಾಂಡ್ ಏಡ್’ ಅನ್ನೋ ಹೆಸರಲ್ಲಿ ಹಾಡಿದರು. ಬಹಳ ಹಣ ಕೂಡಿತು, ಹಸಿದವರಿಗೆ ಮುಟ್ಟಿತು.

ಹಾಗಾದ್ರೆ ತಪ್ಪೇನು? ಆ ಹಾಡಿನ ಆಫ್ರಿಕಾದಲ್ಲಿ ಮಳೆಯಿಲ್ಲ, ನದಿಯಿಲ್ಲ, ಬೆಳೆಯಿಲ್ಲ. ಅಲ್ಲಿಯವರಿಗೆ ಕ್ರಿಸ್ಮಸ್ ಅಂದ್ರೇನು ಅಂತಾದ್ರೂ ಗೊತ್ತಾ ಅಂತ ಹಾಡು ಕೇಳುತ್ತೆ. ಆದರೆ ಪ್ರಿಯರೇ, ಇಥಿಯೋಪಿಯಾದ ರಾಜ ಎಜಾನಾ 4ನೇ ಶತಮಾನದಲ್ಲೇ ಕ್ರೈಸ್ತನಾದ. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ರಾಜರು ಕ್ರಿಸ್ತನನ್ನು ನಂಬಿದ್ದು ಅದಾಗಿ 200ಕ್ಕೂ ಹೆಚ್ಚು ವರ್ಷದ ಮೇಲೆ! ಲಾಲಿಬೆಲಾದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಸಭಾಮಂದಿರಗಳು ಇವತ್ತಿಗೂ ನಿಂತಿವೆ. ನೀಲಿ ನೈಲ್ ನದಿ ಹುಟ್ಟೋದೇ ಆ ದೇಶದಲ್ಲಿ. ಕ್ರಿಸ್ಮಸ್ ಅವರಿಗೆ ಚೆನ್ನಾಗಿ ಗೊತ್ತು, ಜನವರಿ 7ಕ್ಕೆ ಆಚರಿಸ್ತಾರೆ.

2014ರಲ್ಲಿ ಎಬೋಲಾ ಪರಿಹಾರಕ್ಕಾಗಿ ಅದೇ ಹಾಡನ್ನು ಸ್ವಲ್ಪ ಬದಲಾಯಿಸಿ ಮತ್ತೆ ಹಾಡಿಸಿದರು. ಘಾನಾ ಮೂಲದ ಬ್ರಿಟಿಷ್ ಗಾಯಕ ಫ್ಯೂಸ್ ಓಡಿಜಿ ಅವರನ್ನೂ ಕರೆದಿದ್ದರು. ಸಾಲುಗಳನ್ನು ನೋಡಿ ಅವರು ಒಪ್ಪಲಿಲ್ಲ. ರೋಗ, ಸಾವು ಬಿಟ್ಟು ಆಫ್ರಿಕಾದಲ್ಲಿ ಬೇರೇನೂ ಇಲ್ಲ ಅನ್ನೋ ಚಿತ್ರ ಅದರ ಮಕ್ಕಳ ಮಾನಕ್ಕೇ ಪೆಟ್ಟು ಅನ್ನೋದು ಅವರ ನೋವು. ಎಮೆಲಿ ಸ್ಯಾಂಡೆ ಹಾಡಿದರು, ಆಮೇಲೆ ಆ ಸಾಲುಗಳಿಗಾಗಿ ಕ್ಷಮೆ ಕೇಳಿದರು. ಎಡ್ ಶೀರನ್ ಕೂಡ ಹಾಡಿದ್ದರು. 2024ರಲ್ಲಿ ಅವರ ಹಳೇ ಧ್ವನಿಯನ್ನು ಹೊಸ ಆವೃತ್ತಿಗೆ ಸೇರಿಸಿದಾಗ, ನನ್ನನ್ನು ಕೇಳಿದ್ದರೆ ಬೇಡ ಅಂತಿದ್ದೆ, ಹತ್ತು ವರ್ಷದಲ್ಲಿ ನನ್ನ ತಿಳುವಳಿಕೆ ಬದಲಾಗಿದೆ ಅಂತ ಹೇಳಿದರು. ಫ್ಯೂಸ್ ಓಡಿಜಿ ಮಾತನ್ನೇ ಮುಂದಿಟ್ಟರು.

ಗೆಲ್ಡಾಫ್ ಉತ್ತರವನ್ನೂ ಕೇಳಿ: ಈ ಹಾಡಿನಿಂದ ಜೀವಗಳು ಉಳಿದಿವೆಯಲ್ಲ? ಉಳಿದಿವೆ. ಅದನ್ನು ನಾನು ಹಗುರ ಮಾಡಲ್ಲ. ಆದರೆ ಅನ್ನ ಕೊಟ್ಟ ಕೈಗೆ ಮಾನ ತೆಗೆಯೋ ಹಕ್ಕು ಸಿಗಲ್ಲ. ಒಳ್ಳೇ ಉದ್ದೇಶ ತಪ್ಪನ್ನು ಅಳಿಸಲ್ಲ. ತಪ್ಪು ಕಂಡಿತು ಅಂತ ಒಳ್ಳೇ ಕೆಲಸ ಸುಳ್ಳೂ ಆಗಲ್ಲ. ಎರಡನ್ನೂ ಒಟ್ಟಿಗೆ ಹೊರೋದೇ ಹೊಣೆಗಾರಿಕೆ. ಎಡ್ ಶೀರನ್ ಆ ಸಾಲು ಬರೆದವರಲ್ಲ, 1984ರಲ್ಲಿ ಅವರು ಹುಟ್ಟೇ ಇರಲಿಲ್ಲ. ಆದರೂ ನಾನು ಬರೀ ಹಾಡಿದೆ ಅಂತ ಕೈ ತೊಳೆದುಕೊಳ್ಳಲಿಲ್ಲ.

ಈಗ ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯಕ್ಕೆ ಬನ್ನಿ. ಅಲ್ಲೂ ಒಬ್ಬ ಇಥಿಯೋಪಿಯಾದವನಿದ್ದಾನೆ, ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದಾನೆ. ಫಿಲಿಪ್ಪನೂ ಒಂದು ಪ್ರಶ್ನೆ ಕೇಳಿದ. ಆದರೆ ಅವನ ಬಗ್ಗೆ ಬೇರೆಯವರನ್ನು ಕೇಳಲಿಲ್ಲ, ಅವನನ್ನೇ ಕೇಳಿದ. ಉತ್ತರಕ್ಕೆ ಕಾದ. ಅವನು ಕರೆದಾಗ ರಥ ಹತ್ತಿ ಪಕ್ಕದಲ್ಲಿ ಕೂತ. ಲಂಡನ್ನಿನ ಹಾಡಿಗೂ ಫಿಲಿಪ್ಪನಿಗೂ ಇರೋ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲಾ!

ವರ್ಶಿಪ್ ಟೀಮಿನವರೇ, ಹಾಡು ಬರೆಯೋರೇ, ಔಟ್‌ರೀಚ್ ವಿಡಿಯೋ ಮಾಡೋರೇ, ನೀವು ಯಾರ ಬಗ್ಗೆ ಹಾಡ್ತೀರೋ ಅವರ ಪಕ್ಕ ಕೂತಿದ್ದೀರಾ? ಅವರು ಅದನ್ನು ಕೇಳಿದರೆ ತಲೆ ಎತ್ತುತ್ತಾರಾ, ತಗ್ಗಿಸ್ತಾರಾ? ಹಳೇದರಲ್ಲಿ ತಪ್ಪಿದ್ದರೆ ಮೂರು ಕೆಲಸ ಮಾಡಿ: ಹೆಸರು ಹಿಡಿದು ಒಪ್ಪಿಕೊಳ್ಳಿ, ನೋವಾದವರ ಮಾತು ಕೇಳಿ, ಮುಂದಿನ ಸಲ ಬೇಡ ಅನ್ನಿ. ಮಾನಸಾಂತರ ಅಂದ್ರೆ ಅಳೋದಷ್ಟೇ ಅಲ್ಲ, ತಿರುಗಿ ನಡೆಯೋದು.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಬಾಯಿಗಿಂತ ಮುಂಚೆ ನಮ್ಮ ಕಿವಿ ತೆರೆ. ಯೇಸುವಿನ ನಾಮದಲ್ಲಿ, ಆಮೆನ್.