ಬೆಣ್ಣೆ ಮಾರಿದ ಬಂಡಾಯಗಾರ

ಮೆಚ್ಚಿದ ಕಲಾವಿದನೊಬ್ಬ ದುಡ್ಡಿಗೆ ಒಲಿದನೆಂದು ತಿಳಿದಾಗ ನಮಗಾಗುವ ಸಂಕಟ ವಿಚಿತ್ರವಾದದ್ದು. ಅವನು ನಮ್ಮಿಂದ ಸಾಲ ಪಡೆದವನಲ್ಲ; ನಮಗೆ ಭಾಷೆ ಕೊಟ್ಟವನೂ ಅಲ್ಲ. ಆದರೂ ಮೋಸಹೋದವರಂತೆ ಮುಖ ಸಣ್ಣದು ಮಾಡಿಕೊಳ್ಳುತ್ತೇವೆ. ಈ ಸಂಕಟಕ್ಕೆ ನ್ಯಾಯವಾದ ಆಧಾರವೇನಾದರೂ ಉಂಟೇ?

ನಾನು ಈ ಪ್ರಶ್ನೆಗೆ ಸಿಕ್ಕಿಬಿದ್ದದ್ದು ಜಾನ್ ಲೈಡನ್ ಎಂಬ ಹಾಡುಗಾರನ ದೆಸೆಯಿಂದ. ಕನ್ನಡ ಪಾಠ ಹೇಳುವವನಿಗೂ ಲಂಡನ್ನಿನ ಪಂಕ್ ಸಂಗೀತಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ಹಾಸ್ಟೆಲಿನಲ್ಲಿದ್ದಾಗ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಿಂದ ಬೆಳೆದ ನಂಟು ಅದು. ಲೈಡನ್ ಆಗ ‘ಜಾನಿ ರಾಟನ್’, ಅಂದರೆ ಕೊಳೆತ ಜಾನಿ, ಎಂಬ ಹೆಸರಿನಿಂದ ‘ಸೆಕ್ಸ್ ಪಿಸ್ಟಲ್ಸ್’ ತಂಡದಲ್ಲಿ ಹಾಡಿದ್ದವನು. 1977ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ 25 ವರ್ಷಗಳ ಉತ್ಸವ ನಡೆಯುತ್ತಿದ್ದಾಗಲೇ, ರಾಷ್ಟ್ರಗೀತೆಯ ಹೆಸರನ್ನೇ ತಲೆಗಿಟ್ಟುಕೊಂಡು ಅರಸೊತ್ತಿಗೆಯನ್ನು ಹಳಿಯುವ ಹಾಡೊಂದನ್ನು ಆ ತಂಡ ಹೊರತಂದಿತು. ಬಿಬಿಸಿ ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಆದರೂ ಹಾಡು ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಆ ವರ್ಷದ ಮೊದಲ ಮೂರು ತಿಂಗಳಲ್ಲಿಯೇ ಎರಡು ದೊಡ್ಡ ಕಂಪನಿಗಳು ಈ ತಂಡವನ್ನು ಕೈಬಿಟ್ಟಿದ್ದವು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮೊದಲು ಕಿವಿಗೆ ಬಿದ್ದದ್ದು ಹಲ್ಲು ಕಚ್ಚಿ ಉಗುಳಿದಂಥ ಆ ದನಿ. ಯಾರ ಮುಲಾಜೂ ಇಲ್ಲದವನ ದನಿ ಹೀಗೆಯೇ ಇರಬೇಕೆಂದುಕೊಂಡೆ.

ಅದೇ ಮನುಷ್ಯ 2008ರಲ್ಲಿ ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ‘ಕಂಟ್ರಿ ಲೈಫ್’ ಎಂಬ ಬೆಣ್ಣೆಯ ಜಾಹೀರಾತಿಗೆ ನಿಂತ. ಹಳ್ಳಿಯ ಜಮೀನುದಾರರು ತೊಡುವಂಥ ಟ್ವೀಡ್ ಉಡುಪು. ಹಿಂದೆ ಅಟ್ಟಿಸಿಕೊಂಡು ಬರುವ ಹಸುಗಳು. ಗೆಳೆಯನ ಕಂಪ್ಯೂಟರಿನಲ್ಲಿ ಅದನ್ನು ನೋಡಿ ನಗಲೂ ಆಗದೆ ಬಿಡಲೂ ಆಗದೆ ಕುಳಿತೆ. ಅರಮನೆಗೆ ಬೆಣ್ಣೆ ಹಚ್ಚದವನು ಊರವರ ರೊಟ್ಟಿಗೆ ಬೆಣ್ಣೆ ಹಚ್ಚಲು ಹೊರಟನಲ್ಲ!

ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಈ ಗೋಳನ್ನು ಹೇಳಿಕೊಂಡಾಗ ಅರ್ಥಶಾಸ್ತ್ರದ ಹಿರಿಯರೊಬ್ಬರು ಕೇಳಿದರು: “ಅಲ್ಲ ಮೇಷ್ಟ್ರೇ, ಆತ ಉಪವಾಸವಿದ್ದಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತೇ?” ನಾನು ಉತ್ತರ ಹೇಳಲಿಲ್ಲ. ನಿಜ ಹೇಳುವುದಾದರೆ, ಆಗುತ್ತಿತ್ತು. ತಿಂಗಳ ಮೊದಲ ದಿನ ಸಂಬಳ ಎಣಿಸಿಕೊಳ್ಳುವ ನಾನು ಲಂಡನ್ನಿನಲ್ಲೊಬ್ಬ ನನ್ನ ಪರವಾಗಿ ವ್ರತ ಹಿಡಿದಿದ್ದಾನೆಂದು ನೆಮ್ಮದಿಯಿಂದಿದ್ದೆ.

ಲೈಡನ್ ಆ ಹಣವನ್ನು ಏನು ಮಾಡಿದನೆಂಬುದು ಆಮೇಲೆ ತಿಳಿಯಿತು. 1978ರಲ್ಲಿ ಆತ ಕಟ್ಟಿದ ‘ಪಬ್ಲಿಕ್ ಇಮೇಜ್ ಲಿಮಿಟೆಡ್’ ಎಂಬ ಇನ್ನೊಂದು ತಂಡ ಎಷ್ಟೋ ವರ್ಷಗಳಿಂದ ನಿಂತುಹೋಗಿತ್ತು. 2009ರಲ್ಲಿ ಅದಕ್ಕೆ ಮತ್ತೆ ಜೀವ ಬಂದಿತು. ಬೆಣ್ಣೆಯ ಹಣವೇ ಅದಕ್ಕೆ ಬಂಡವಾಳವೆಂದು ಆತನೇ ಹೇಳಿಕೊಂಡಿದ್ದಾನೆ. 2012ರಲ್ಲಿ ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ತಮ್ಮದೇ ಸಂಸ್ಥೆಯಿಂದ ಹೊಸ ಹಾಡುಗಳನ್ನು ತಂದರು. ಒಂದು ಕಡೆ ತಲೆ ತಗ್ಗಿಸಿ ಇನ್ನೊಂದು ಕಡೆ ತಲೆ ಎತ್ತಿದನೆನ್ನಬಹುದು.

ಆದರೆ ಇಷ್ಟಕ್ಕೇ ಸಮಾಧಾನಪಡುವುದು ಸರಿಯಲ್ಲ. ಲಂಚ ತಿಂದವನೂ ಮಗಳ ಮದುವೆಯ ಮಾತನ್ನೇ ಆಡುತ್ತಾನೆ. ಹಣ ಒಳ್ಳೆಯದಕ್ಕೆ ಸಂದಿತೆಂದ ಮಾತ್ರಕ್ಕೆ ಅದು ಬಂದ ದಾರಿ ಒಳ್ಳೆಯದಾಗದು. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಮಾರಿದ್ದು ಏನನ್ನು, ಮತ್ತು ಯಾರ ಕಣ್ಣ ಮುಂದೆ? ಲೈಡನ್ ಮಾರಿದ್ದು ತನ್ನ ಮುಖವನ್ನು, ಹಾಡಿಹೋದ ಮಾತನ್ನಲ್ಲ. ಹಿಂದೆ ಹೇಳಿದ್ದು ಸುಳ್ಳೆಂದು ಆ ಜಾಹೀರಾತಿನಲ್ಲಿ ಒಪ್ಪಿಕೊಳ್ಳಲಿಲ್ಲ. ಮಾರಿದ್ದೂ ಇಡೀ ದೇಶದ ಎದುರಿಗೆ, ಅದೇ ಮೋರೆಯಲ್ಲಿ. ಬೈಯುವವರು ಬೈಯಲೆಂದು ಎದುರಿಗೇ ನಿಂತಿದ್ದ.

ಇಲ್ಲಿ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಪರೀಕ್ಷೆಯ ಗೈಡುಗಳನ್ನು ಮುಟ್ಟಬೇಡಿ, ಕಾವ್ಯವನ್ನೇ ಓದಿ ಎಂದು ಪ್ರತಿವರ್ಷ ತರಗತಿಯಲ್ಲಿ ಹೇಳುವವನು ನಾನು. ಕೆಲವು ವರ್ಷಗಳ ಹಿಂದೆ, ಮನೆಸಾಲದ ಕಂತು ಕುತ್ತಿಗೆಗೆ ಬಂದಾಗ, ಪ್ರಕಾಶಕರೊಬ್ಬರಿಗೆ ಅಂಥದೇ ಒಂದು ಗೈಡು ಬರೆದುಕೊಟ್ಟೆ. ಅದರ ಮೇಲೆ ‘ಅನುಭವಿ ಅಧ್ಯಾಪಕರಿಂದ’ ಎಂದಿದೆ, ನನ್ನ ಹೆಸರಿಲ್ಲ. ಹೆಸರು ಬೇಡವೆಂದವನು ನಾನೇ. ಲೈಡನ್ ಮಾರಿದ್ದು ಮುಖವನ್ನು. ನಾನು ಮುಖ ಉಳಿಸಿಕೊಂಡು ಮಾತನ್ನು ಮಾರಿದ್ದೆ. ಇಬ್ಬರಲ್ಲಿ ಬೆಣ್ಣೆಯ ವ್ಯಾಪಾರಿಯೇ ಪ್ರಾಮಾಣಿಕನೆಂದು ತೋರುತ್ತದೆ.

ಹಾಗೆಂದು ಅಭಿಮಾನಿಯ ದುಃಖ ಬರಿಯ ಭ್ರಮೆಯಲ್ಲ. ಆ ಹಳೆಯ ಹಾಡು ಕೇಳುವಾಗ ಈಗ ನನಗೆ ಹಸುಗಳೂ ನೆನಪಾಗುತ್ತವೆ; ಆ ನಷ್ಟ ನಿಜವಾದದ್ದು. ಆದರೆ ನಷ್ಟವಾದದ್ದೆಲ್ಲ ಮತ್ತೊಬ್ಬರು ನಮಗೆ ತೀರಿಸಬೇಕಾದ ಸಾಲವಲ್ಲ. ಅವನು ಹಾಡಿದ್ದನ್ನು ಬದುಕಿ ತೋರಿಸುವ ಹೊಣೆ ಅವನದೆಷ್ಟೋ, ಕೇಳಿ ತಲೆದೂಗಿದವರದೂ ಅಷ್ಟೇ.

ಹೋದ ತಿಂಗಳು ಹುಡುಗನೊಬ್ಬ ತರಗತಿಗೆ ಆ ಗೈಡನ್ನೇ ಹಿಡಿದುಕೊಂಡು ಬಂದಿದ್ದ. ನನ್ನನ್ನು ಕಂಡು ನಾಚಿ ಪುಸ್ತಕಗಳಡಿಯಲ್ಲಿ ಅಡಗಿಸಿದ. “ಇರಲಿ, ತೆಗೆಯಪ್ಪ” ಎಂದೆ. ಅದನ್ನು ಬರೆದವನು ನಾನೇ ಎನ್ನುವ ಮಾತು ಮಾತ್ರ ಅಂದು ಬಾಯಿಗೆ ಬರಲಿಲ್ಲ. ಈ ಬರಹ ಅವನ ಕಣ್ಣಿಗೆ ಬಿದ್ದರೆ ಬೀಳಲಿ.