ಬರೆಯದ ವರ್ಷ

ತಾನು ಮೆಚ್ಚಿದ ಆಟವೊಂದನ್ನು ಕುರಿತು ಬಹುಕಾಲದಿಂದ ಬರೆಯುತ್ತ ಬಂದವನು, ವರ್ಷದ ಕೊನೆಯಲ್ಲಿ ಹಿಂದಿರುಗಿ ನೋಡಿ, ಬರೆದುದು ಅತ್ಯಲ್ಪವೆಂದು ಕಂಡರೆ, ಆ ವರ್ಷವು ವ್ಯರ್ಥವಾಯಿತೆಂದು ಪರಿತಪಿಸಬೇಕೆ? ಆಟವು ಚಿಕ್ಕದೆಂದು ವಾಚಕರು ಈ ಪ್ರಶ್ನೆಯನ್ನು ತಳ್ಳಿಬಿಡಬಾರದು.

ಅಮೆರಿಕದ ಬ್ಲಿಝರ್ಡ್ ಸಂಸ್ಥೆಯವರು 2004ರಲ್ಲಿ ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬುದು, ದೂರದೂರದ ಜನರು ಅಂತರ್ಜಾಲದ ಮೂಲಕ ಒಂದೇ ಕಲ್ಪಿತಲೋಕದಲ್ಲಿ ಕೂಡಿ ಆಡುವ ಆಟವು. 2013ರ ಸೆಪ್ಟೆಂಬರಿನಲ್ಲಿ ಅದಕ್ಕೆ ಆರ್ಗ್ರಿಮಾರ್ ಎಂಬ ನಗರದ ಮುತ್ತಿಗೆಯ ಪ್ರಸಂಗವು ಸೇರಿತು. ಮುಂದಿನ ದೊಡ್ಡ ಭಾಗವು ಬಂದುದು 2014ರ ನವೆಂಬರಿನಲ್ಲಿ. ನಡುವಣ 14 ತಿಂಗಳು ಆಟಗಾರರು ಅದೇ ನಗರವನ್ನು ಮತ್ತೆ ಮತ್ತೆ ಮುತ್ತಿದರು. ಆಟವನ್ನು ವರ್ಣಿಸುತ್ತಿದ್ದವರಿಗೆ ಹೊಸದಾಗಿ ಹೇಳತಕ್ಕದ್ದು ಬಲು ಕಡಿಮೆಯಾಯಿತು.

ನಮ್ಮ ಶಾಸ್ತ್ರಕಾರರು ಕರ್ಮಗಳಲ್ಲಿ ನಿತ್ಯವೆಂದೂ ನೈಮಿತ್ತಿಕವೆಂದೂ ಭೇದವನ್ನು ಹೇಳುವರು. ಸಂಧ್ಯಾವಂದನೆಯು ನಿತ್ಯ, ಬಿಟ್ಟರೆ ದೋಷವುಂಟು. ಗ್ರಹಣಸ್ನಾನವು ನೈಮಿತ್ತಿಕ, ಗ್ರಹಣವಿಲ್ಲದ ದಿನ ಅದನ್ನು ಮಾಡಲಿಲ್ಲವೆಂದು ಯಾರೂ ಕೊರಗುವುದಿಲ್ಲ. ಆಟದ ವರ್ಣನೆಯು ಈ ಎರಡನೆಯ ಬಗೆಯದು.

ಕಾದಿರುವ ಓದುಗರ ಋಣವಿಲ್ಲವೆ ಎಂದರೆ, ಉಂಟು. ಆದರೆ ಆ ಋಣವು ತೀರುವುದು ನಿಜವನ್ನು ಹೇಳುವುದರಿಂದ. ಗಾಳಿಸುದ್ದಿಯನ್ನು ಹಿಗ್ಗಿಸಿ ಪುಟವನ್ನು ತುಂಬಿಸುವವನ ಋಣವು ಬೆಳೆಯುತ್ತದೆ. ಹಾಗೆಂದು ಮೌನವೆಲ್ಲವೂ ಗುಣವಾಗಲಾರದು. ಆಲಸ್ಯವೂ ಮೌನದ ವೇಷವನ್ನು ಧರಿಸುವುದುಂಟು. ಎರಡನ್ನೂ ಬೇರ್ಪಡಿಸುವ ಪರೀಕ್ಷೆಯು ಸುಲಭ. ಹೊಸತನವು ಬತ್ತಿದ ತಿಂಗಳುಗಳಲ್ಲಿಯೂ ಅವನು ಸಂಗಡಿಗರ ಜೊತೆಯನ್ನು ಬಿಡದೆ ಆಡಿದನೆ, ಹೊಸಬರಿಗೆ ದಾರಿಯನ್ನು ತೋರಿಸಿದನೆ? ಹಾಗಿದ್ದರೆ ಅವನ ಪ್ರೀತಿಯು ಆಟದ ಮೇಲಿನದು, ಸುದ್ದಿಯ ಮೇಲಿನದಲ್ಲ. ಅಂಥವನು ವರ್ಷಕ್ಕೆ ನಾಲ್ಕೇ ಪುಟಗಳನ್ನು ಬರೆದಿದ್ದರೂ ನಾಚಬೇಕಾದುದಿಲ್ಲ.