ಎರಡು ರೊಟ್ಟಿಯ ಊಟ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕುಳಿತು ಜೋಳದ ರೊಟ್ಟಿ ತಿಂದು ಬಂದೆ ಎಂದರೆ ನಮ್ಮ ಓಣಿಯ ಹೆಂಗಸರು ನಗುತ್ತಾರೆ. "ಅಲ್ಲಿ ರೊಟ್ಟಿ ಬಡಿಯೋರು ಯಾರ್ರೀ?" ಎಂದು ಕೇಳುತ್ತಾರೆ. ಅವರು ಚೇಷ್ಟೆಗೆ ಕೇಳುವ ಈ ಪ್ರಶ್ನೆ ಅಂದು ನನ್ನ ಗಂಟಲಲ್ಲಿ ತುತ್ತು ನಿಲ್ಲಿಸಿತ್ತು.

ದಿಲ್ಲಿಯಲ್ಲಿರುವ ಮಗಳು ನನ್ನನ್ನು ಕರೆದೊಯ್ಯಲು ಬಂದಿದ್ದಳು. ರಾತ್ರಿ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಗಿಗೆ ಬೆಂಗಳೂರಿನಲ್ಲಿ ಇಳಿದು, ನಿಲ್ದಾಣ ಮುಟ್ಟುವಷ್ಟರಲ್ಲಿ ನನಗೆ ಹಸಿವಾಗಿತ್ತು. ನನ್ನ ಕೈಚೀಲದಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಮೂವತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದವು. ಮೊಸರು ಮಾತ್ರ ಇರಲಿಲ್ಲ.  ಬುತ್ತಿ ಬಿಚ್ಚೋಣ ಎಂದರೆ ಮಗಳು ಕೇಳಲಿಲ್ಲ. "ಅವ್ವಾ, ಇಲ್ಲಿ ನಮ್ಮ ಕಡೆ ಊಟಾನೇ ಸಿಗತೈತಿ, ಬಾ" ಎಂದು ಕೈಹಿಡಿದು ಎಳೆದುಕೊಂಡು ಹೋದಳು.

ತಟ್ಟೆ ಬಂತು. ಕಾಲುಭಾಗ ಮಡಚಿಟ್ಟ ಎರಡು ರೊಟ್ಟಿ, ಬೆರಳುದ್ದದ ಬಟ್ಟಲಲ್ಲಿ ಎಣಗಾಯಿ ಪಲ್ಯ, ಮಡಕಿಕಾಳು, ಒಂದು ಚಮಚೆ ಚಟ್ನಿಪುಡಿ, ಒಂದು ಎಸಳು ಉಳ್ಳಾಗಡ್ಡಿ. ಬೆಲೆ ನಾನೂರರ ಮೇಲೆ. ಮಗಳು ಅದರ ಫೋಟೋ ತೆಗೆದಳು. ಪಕ್ಕದ ಮೇಜಿನ ಹೆಣ್ಣುಮಗಳೊಬ್ಬಳು ಬಂದು ಇದನ್ನು ಹೇಗೆ ಮುರಿದು ತಿನ್ನಬೇಕು ಎಂದು ಕೇಳಿದಾಗ ಮಗಳು ಎಷ್ಟು ಅಭಿಮಾನದಿಂದ ಹೇಳಿಕೊಟ್ಟಳೆಂದರೆ, ಯಲಬುರ್ಗಿಯ ಎರೆಹೊಲವನ್ನೆಲ್ಲ ತಾನೇ ಬಿತ್ತಿದವಳ ಹಾಗೆ. 2023ನೇ ವರ್ಷವನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯದ ವರ್ಷವೆಂದು ಸಾರಿದ ಮೇಲೆ ನಮ್ಮ ಜೋಳಕ್ಕೂ ಕುಲೀನತೆ ಬಂದಿದೆ. ಬಡವರ ಊಟ ಎನ್ನಿಸಿಕೊಂಡದ್ದು ಈಗ ವೈದ್ಯರು ಬರೆದುಕೊಡುವ ಊಟ.

ರೊಟ್ಟಿ ಕೆಟ್ಟದಾಗಿರಲಿಲ್ಲ. ಆದರೂ ನನಗೆ ಇಳಿಯಲಿಲ್ಲ. ಯಾಕೆಂದು ಮಗಳು ಕೇಳಿದಳು. "ಬೆಲೆ ಜಾಸ್ತಿ" ಎಂದೆ. ಅದು ಪೂರ್ತಿ ನಿಜವಲ್ಲ.

ನನ್ನ ಅಪ್ಪ ತೀರಿಕೊಂಡದ್ದು 1972ರ ಬರದಲ್ಲಿ. ನನಗಾಗ ಹತ್ತು ವರ್ಷ. ಯಲಬುರ್ಗಿ ಕಡೆಯ ಹೊಲವೆಂದರೆ ಮಳೆಯನ್ನೇ ನೆಚ್ಚಿದ ಹೊಲ. ಮುಗಿಲು ಕೈಕೊಟ್ಟರೆ ಮುಗಿಯಿತು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿಯ ನಸೀಬು ಬೇರೆಯಾಗಿತ್ತು. ಭತ್ತದ ಗದ್ದೆ, ಅಕ್ಕಿ ಗಿರಣಿ, ಲಾರಿ, ಬೇರೆ ಊರಿನಿಂದ ಬಂದ ಒಂಟಿ ನೌಕರದಾರರು. ಇವರೆಲ್ಲ ಉಣ್ಣಲು ಖಾನಾವಳಿ. ಅವ್ವ ನನ್ನನ್ನೂ ತಮ್ಮನನ್ನೂ ಕಟ್ಟಿಕೊಂಡು ಅಲ್ಲಿಗೆ ಹೋದಳು. ಅಕ್ಕಿಯ ಊರಿನಲ್ಲಿ ಜೋಳದ ರೊಟ್ಟಿ ಬಡಿದು ನಮ್ಮನ್ನು ಸಾಕಿದಳು. ನಸುಕಿನಲ್ಲಿ ಎಸರಿಟ್ಟು ಕೂತರೆ ಬಡಿಯುವ ಸಪ್ಪಳ ಮಧ್ಯಾಹ್ನದವರೆಗೂ ನಿಲ್ಲುತ್ತಿರಲಿಲ್ಲ. ಶಾಲೆಯಿಂದ ಬರುವಾಗ ಓಣಿಯ ತುದಿಯಲ್ಲೇ ನನಗದು ಕೇಳುತ್ತಿತ್ತು. ನಾನು ಗೆಳತಿಯರನ್ನು ಬೇರೆ ದಾರಿಯಿಂದ ಕರೆದುಕೊಂಡು ಹೋಗುತ್ತಿದ್ದೆ.

1981ರಲ್ಲಿ ಕುಷ್ಟಗಿಯಿಂದ ನನಗೆ ಸಂಬಂಧ ಬಂದಾಗ ಸೋದರಮಾವ, "ಅವ್ವ ಹೊಲಿಗೆ ಕೆಲಸ ಮಾಡ್ತಾಳ ಅಂತ ಹೇಳೀನಿ, ನೀವೂ ಹಂಗ ಹೇಳ್ರಿ" ಎಂದ. ಅನ್ನ ಮಾರಿಕೊಂಡು ಬದುಕುವವರ ಮನೆಯ ಹುಡುಗಿ ಎಂಬ ಮಾತು ಬಂದೀತೆಂಬ ಹೆದರಿಕೆ. ಅವ್ವ ತಲೆ ತಗ್ಗಿಸಿ "ಹೂಂ" ಎಂದಳು. ನಾನೂ ಎಂದೆ. ಹತ್ತೊಂಬತ್ತರ ಹುಡುಗಿಯ ಆ ಸುಳ್ಳನ್ನು ಹಿರಿಯರ ಲೆಕ್ಕಕ್ಕೆ ಬರೆಯಬಹುದು. ಆಮೇಲಿನ ನಾಲ್ಕು ದಶಕಗಳ ಸುಳ್ಳು ನನ್ನದೇ. ಗಂಡನಿಗೆ ಹೇಳಲಿಲ್ಲ, ಮಕ್ಕಳಿಗೆ ಹೇಳಲಿಲ್ಲ. ಅತ್ತೆಗೆ ಮಾತ್ರ ಗೊತ್ತಿತ್ತೇನೋ ಎಂದು ಈಗೀಗ ಅನಿಸುತ್ತದೆ. ಗಂಗಾವತಿ ಕುಷ್ಟಗಿಗೆ ಎಷ್ಟು ದೂರ? ಬೀಗತಿ ಹೊಲಿಗೆಯವಳೆಂದು ಕೇಳಿಯೂ ಆಕೆ ಒಂದೇ ಒಂದು ಕುಪ್ಪಸ ಹೊಲಿಸಿಕೊಡಲು ಹೇಳಲಿಲ್ಲ. ಅದು ಆಕೆಯ ದೊಡ್ಡತನವೆಂದು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು.

ಅನ್ನ ಮಾರಬಾರದು ಎಂಬ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಕೊಪ್ಪಳದಲ್ಲಿರುವವಳಿಗೆ ಅದು ಸಾಧ್ಯವೂ ಇಲ್ಲ. ಪುಷ್ಯ ಬಹುಳ ಬಿದಿಗೆಗೆ ಗವಿಮಠದ ತೇರು ಎಳೆಯುತ್ತಾರೆ. ಅದಕ್ಕೆ ಮುಂಚೆಯೇ ಹಳ್ಳಿಹಳ್ಳಿಯಿಂದ ರೊಟ್ಟಿ ಬರತೊಡಗುತ್ತವೆ. ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಹೆಂಗಸರ ತಲೆಯ ಮೇಲಿನ ಬುಟ್ಟಿಯಲ್ಲಿ. ಲಕ್ಷಗಟ್ಟಲೆ ರೊಟ್ಟಿ ಗೋಡೆಯ ಹಾಗೆ ಒಟ್ಟಿರುತ್ತವೆ. ದಾಸೋಹಕ್ಕೆ ಬಂದವರ ಜಾತಿ ಕೇಳುವವರಿಲ್ಲ, ಎಷ್ಟು ತಿಂದಿರಿ ಎಂದು ಎಣಿಸುವವರಿಲ್ಲ. ಅದನ್ನು ಕಂಡವರಿಗೆ ರೊಟ್ಟಿಗೆ ಬೆಲೆ ಕಟ್ಟುವುದು ಸಣ್ಣತನವಾಗಿ ಕಾಣುವುದು ಸಹಜ. ನಾನೂ ಪ್ರತಿ ವರ್ಷ ನೂರು ರೊಟ್ಟಿ ಕೊಡುತ್ತೇನೆ. ಕೊಟ್ಟು ಬರುವಾಗ ನಡಿಗೆಯಲ್ಲಿ ಒಂದು ಬಿಗುವು ಬಂದಿರುತ್ತದೆ, ಸುಳ್ಳೇಕೆ ಹೇಳಲಿ.

ಆದರೆ ಅವ್ವನೂ ಕೊಡುತ್ತಿದ್ದಳು. ದಿನವಿಡೀ ಕೂಲಿಗೆ ಬಡಿದು, ಜಾತ್ರೆ ಹತ್ತಿರ ಬಂದಾಗ ರಾತ್ರಿ ತನ್ನ ಹಿಟ್ಟಿನಲ್ಲಿ ಮತ್ತೆ ಬಡಿದು, ಕೊಪ್ಪಳಕ್ಕೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ಅದೇ ಹಿಟ್ಟು, ಅದೇ ಅಂಗೈ, ಅದೇ ಹಂಚು. ಹಗಲಿನ ರೊಟ್ಟಿ ಅವಮಾನ, ರಾತ್ರಿಯ ರೊಟ್ಟಿ ಪುಣ್ಯ. ಇದು ಹೇಗೆ? ಬಿಟ್ಟಿ ಕೊಡುವುದು ದೊಡ್ಡದು, ಒಪ್ಪಿದೆ. ಆದರೆ ಕೊಡಲು ಮೊದಲು ಇರಬೇಕಲ್ಲ? ಇಲ್ಲದವಳು ಬಡಿದು ಕೂಲಿ ಪಡೆದರೆ ಅವಳು ಮಾರಿದ್ದು ಅನ್ನವನ್ನಲ್ಲ, ತನ್ನ ರಟ್ಟೆಯನ್ನು. ಕಾಯಕ ಎಂದು ಶರಣರು ಕರೆದದ್ದು ಇದನ್ನೇ ಅಲ್ಲವೆ? ನಮ್ಮ ಕುಷ್ಟಗಿಗೆ ಒತ್ತಿಕೊಂಡಿರುವ ಲಿಂಗಸೂಗೂರು ಸೀಮೆಯ ಅಮರೇಶ್ವರದವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು. ಅವಳ ಆಕ್ಷೇಪ ದುಡಿದು ತಂದದ್ದಕ್ಕಲ್ಲ, ಬೇಕಾದುದಕ್ಕಿಂತ ಹೆಚ್ಚಾದದ್ದಕ್ಕೆ.

ಈ ಅಳತೆಗೋಲು ಹಿಡಿದರೆ ನನ್ನ ಮುಂದಿದ್ದ ತಟ್ಟೆಯನ್ನು ಏನೆನ್ನಬೇಕು? ಅಂಗಡಿಯವರನ್ನು ಬೈಯುವುದು ಸುಲಭ. ಅಂಥ ಜಾಗದ ಬಾಡಿಗೆ, ಖರ್ಚು ಅವರಿಗೇ ಗೊತ್ತು. ನಿಲ್ದಾಣದ ತಿಂಡಿ ತುಟ್ಟಿಯೆಂದು ಪಾರ್ಲಿಮೆಂಟಿನಲ್ಲೂ ಮಾತಾಗಿ, 2024ರ ಡಿಸೆಂಬರಿನಲ್ಲಿ ಕೊಲ್ಕತ್ತಾದ ವಿಮಾನ ನಿಲ್ದಾಣದಲ್ಲಿ ಸರ್ಕಾರ ಹತ್ತು ರೂಪಾಯಿಗೆ ಚಹಾ ಕೊಡುವ ಅಂಗಡಿ ತೆರೆಯಿತು. ಅದು ಒಳ್ಳೆಯದೇ. ಆದರೆ ನನ್ನನ್ನು ಚುಚ್ಚಿದ್ದು ನಾನೂರು ರೂಪಾಯಿಗಿಂತ ಹೆಚ್ಚಾಗಿ 'ಎರಡು' ಎಂಬ ಲೆಕ್ಕ. ಅವ್ವ ಬಡಿಯುತ್ತಿದ್ದ ಖಾನಾವಳಿಯಲ್ಲೂ ದುಡ್ಡು ತೆಗೆದುಕೊಳ್ಳುತ್ತಿದ್ದರು; ದುಡ್ಡು ಊಟಕ್ಕೆ, ರೊಟ್ಟಿಗಲ್ಲ. ಲಾರಿಯವನು ಎಂಟು ತಿಂದರೂ, ಮಾಸ್ತರು ಮೂರು ತಿಂದರೂ ಒಂದೇ ಬೆಲೆ. ಸಾಕು ಎನ್ನುವ ಹಕ್ಕು ಉಣ್ಣುವವನದಾಗಿತ್ತು. ಅಲ್ಲಿ ಮಾರುವುದರ ಒಳಗೇ ಒಂದಿಷ್ಟು ದಾಸೋಹ ಇತ್ತು. ಆ ಖಾನಾವಳಿಗೆ ನಾವು ಮೂಗು ಮುರಿದೆವು, ಈ ಎಣಿಸಿದ ರೊಟ್ಟಿಯ ಫೋಟೋ ತೆಗೆದೆವು.

ಕೈ ತೊಳೆಯಲು ಎದ್ದವಳು ಒಳಗೆ ಇಣುಕಿದೆ. ತಲೆಗೆ ಟೊಪ್ಪಿಗೆ ಹಾಕಿಕೊಂಡ ಹುಡುಗಿಯೊಬ್ಬಳು ಇಕ್ಕಳದಿಂದ ರೊಟ್ಟಿ ತಿರುವುತ್ತಿದ್ದಳು. ಮಾತಿನ ಧಾಟಿ ಕೇಳಿ ಯಾವೂರವ್ವ ಎಂದೆ.

"ಕನಕಗಿರಿ ಹತ್ರ ರೀ."

"ನೀನ ಬಡೀತಿ ಏನು?"

"ಇಲ್ಲ ಬಿಡ್ರಿ ಅಮ್ಮಾರ. ಬಡಿಯೋರು ಬ್ಯಾರೆ ಕಡೆ ಅದಾರ, ಅಲ್ಲಿಂದ ಬರತಾವ. ನಾವು ಬಿಸಿ ಮಾಡಿ ಕೊಡೋದಷ್ಟ."

ಎಲ್ಲಿ, ಎಷ್ಟು ಜನ, ಏನು ಕೂಲಿ, ಅವಳಿಗೂ ತಿಳಿಯದು. ಅವ್ವನನ್ನಾದರೂ ಉಣ್ಣುವವರು ಹೊಗೆಯಾಚೆಗೆ ಕಾಣುತ್ತಿದ್ದರು, "ಯಕ್ಕಾ, ಇನ್ನೊಂದು" ಎಂದು ಕೂಗುತ್ತಿದ್ದರು.

"ಮನ್ಯಾಗ ಗೊತ್ತೈತೇನು, ರೊಟ್ಟಿ ಕೆಲಸ ಅಂತ?"

ಹುಡುಗಿ ನಕ್ಕಳು. "ಏರ್‌ಪೋರ್ಟ್‌ನ್ಯಾಗ ನೌಕರಿ ಅಂತ ಹೇಳೀನ್ರಿ. ಅದಕ್ಕ ಯಾರೂ ಮುಂದ ಕೇಳಿಲ್ಲ."

ಐವತ್ತು ವರ್ಷ ಕಳೆದರೂ ಸುಳ್ಳು ಅದೇ, ಹೊಲಿಗೆಯ ಬದಲು ಏರ್‌ಪೋರ್ಟು. ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು: "ನಮ್ಮವ್ವನೂ ಗಂಗಾವತಿ ಖಾನಾವಳ್ಯಾಗ ರೊಟ್ಟಿ ಬಡೀತಿದ್ಲವ್ವಾ. ಅದರಾಗ ನನ್ನ ಮ್ಯಾಟ್ರಿಕ್ ಓದಿಸಿದ್ಲು."

ಹುಡುಗಿಗೆ ಅದೇನು ದೊಡ್ಡ ಮಾತಲ್ಲ. "ಹೌದಾ ರೀ" ಎಂದು ಇನ್ನೊಂದು ರೊಟ್ಟಿ ತಿರುವಿದಳು. ಆದರೆ ಬಿಲ್ಲು ಕೊಟ್ಟು ಬಂದ ಮಗಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ಅವ್ವ 1994ರಲ್ಲೇ ಹೋದಳು. ನಮ್ಮ ಮನೆಯ ಗೋಡೆಯ ಮೇಲಿನ ಪಟದಲ್ಲಿ ಇವತ್ತಿಗೂ ಆಕೆ ಹೊಲಿಗೆಯವಳೇ.

ಮಗಳು ಏನೂ ಕೇಳಲಿಲ್ಲ. ವಿಮಾನ ಏರಿ, ಪಟ್ಟಿ ಕಟ್ಟಿಕೊಂಡು, ಊರುಮನೆಗಳು ಕೆಳಗೆ ಸಣ್ಣವಾಗುವಾಗ ನನ್ನ ಕೈಚೀಲ ತೊಡೆಯ ಮೇಲೆಳೆದುಕೊಂಡು ಬುತ್ತಿಯ ಗಂಟು ಬಿಚ್ಚಿದಳು. ಒಂದು ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟು ಕೇಳಿದಳು:

"ಅಮ್ಮ ದಿನಾ ಎಷ್ಟು ರೊಟ್ಟಿ ಬಡೀತಿದ್ಲು?"